ಸಾಹೇಬರಿಗಾಗಿ ಸುತ್ತಿಟ್ಟ ಹಾಸು

ಊರಿನ ಬೀದಿಗಳ ನಕಾಶೆ ಬರೆಯುವ ಮಾನ್ಯ ಅಧಿಕಾರಿಗಳೇ,

ಇಳಕಲ್ಲಿನ ನಮ್ಮ ನೇಕಾರರ ಓಣಿಯೊಳಗೆ ಈಗ ನಸುಕಿನಲ್ಲೇ ತರಕಾರಿ ಟೆಂಪೊ ಓಡುತ್ತಿವೆ. ಓಡಿಸಿದವರು ನೀವು. ಆ ಹೊತ್ತಿಗೆ ಓಣಿ ಖಾಲಿ ಬಿದ್ದಿರುತ್ತದೆ ಎಂದು ಸಭೆಯಲ್ಲಿ ಹೇಳಿದಿರಂತೆ. ನೀವು ಬಂದ ದಿನ ಖಾಲಿ ಇದ್ದದ್ದು ಖರೆ. ಯಾಕೆ ಖಾಲಿ ಇತ್ತೆಂಬುದೂ ನಿಮಗೆ ಗೊತ್ತಿತ್ತು. ಅದನ್ನು ಮಾತ್ರ ಸಭೆಯಲ್ಲಿ ನುಂಗಿಕೊಂಡಿರಿ.

ಸೀರೆಯ ಉದ್ದದ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ. ಬಿಸಿಲೇರುವ ಮುಂಚೆ ಅದನ್ನು ಓಣಿಯುದ್ದಕ್ಕೂ ಬಿಗಿದು ಗಂಜಿ ಹಚ್ಚಬೇಕು. ತಡವಾದರೆ ಗಂಜಿ ಬಿರುಸಾಗಿ ಎಳೆ ಹರಿಯುತ್ತದೆ. ಆ ಹೊತ್ತಿನಲ್ಲಿ ಹಾಲಿನವನೂ ಸೈಕಲ್ ಇಳಿದು ಗೋಡೆಗೆ ಒತ್ತಿಕೊಂಡು ಹೋಗುತ್ತಾನೆ. ಅವನಿಗೆ ಯಾವ ಫಲಕವೂ ಬೇಕಾಗಿಲ್ಲ.

ನೀವು ಅಳತೆಗೆ ಬರುವ ದಿನ ನನ್ನ ಅತ್ತೆ ರೇಣವ್ವ ಮನೆಮನೆಗೆ ಹೋಗಿ, "ಸಾಹೇಬ್ರ ಕಾರು ಒಳಗ ಬರಬೇಕು, ಇವತ್ತ ಯಾರೂ ಹಾಸ ಹಾಕಬ್ಯಾಡ್ರಿ, ಸುತ್ತಿ ಇಡ್ರಿ" ಎಂದು ಹೇಳಿ ಬಂದರು. ಮನೆಗೆ ಬರುವವರಿಗೆ ದಾರಿ ಬಿಡದಿದ್ದರೆ ಹೇಗೆ? ಇಡೀ ಓಣಿ ಕೆಲಸ ಬಿಟ್ಟು, ಕಸ ಹೊಡೆದು, ರಂಗೋಲಿ ಹಾಕಿ ನಿಂತೆವು. ನಮ್ಮ ಕಟ್ಟೆಯ ಮೇಲೆ ಕೂತು ನೀವು ರೊಟ್ಟಿ, ಶೇಂಗಾ ಚಟ್ನಿ ಉಂಡಿರಿ. "ನಾಳಿಂದ ಮತ್ತ ಹಾಸ ಹಾಕತೀವ್ರಿ" ಎಂದು ಅತ್ತೆ ಹೇಳಿದಾಗ, "ನಿಮ್ಮ ಮುಂಜಾನಿಗೆ ಯಾರೂ ಕೈ ಹಚ್ಚೂದಿಲ್ಲ, ಚಿಂತಿ ಬ್ಯಾಡ್ರಿ ಅವ್ವಾರ" ಎಂದಿರಿ. ಉಂಡ ಮನೆಯ ಜಂತಿ ಎಣಿಸುವವರ ಸುದ್ದಿ ಕೇಳಿದ್ದೆ. ನೀವು ನಮ್ಮ ಮರ್ಯಾದೆಯನ್ನೇ ಅಳೆದು, ಖಾಲಿ ಜಾಗವೆಂದು ಬರೆದುಕೊಂಡು ಹೋದಿರಿ.

ನಿಮ್ಮ ಕಚೇರಿಗೆ ಊಟದ ಹೊತ್ತಿನಲ್ಲಿ ಬಂದು, ಕುರ್ಚಿ ಖಾಲಿ ಇವೆಯೆಂದು ನಾವು ಅಲ್ಲೇ ಮಗ್ಗ ಹೂಡಿದರೆ ಒಪ್ಪುತ್ತೀರಾ? ಗಡಿಯಾರ ನೋಡದೆ ನಕಾಶೆ ಬರೆಯುವ ವಿದ್ಯೆ ಯಾವ ಸಾಲಿಯಲ್ಲಿ ಕಲಿಸುತ್ತಾರೆ?

ಹೋದ ವಾರ, ನನ್ನ ಮಗಳು ಐಶ್ವರ್ಯಳ ಮದುವೆ ಸೀರೆಗೆಂದು, ನಿಮ್ಮ ಮಾತು ನಂಬಿ ಅತ್ತೆ ಬಿಗಿದಿದ್ದ ಹಾಸಿನ ಮೇಲೆ ಟೆಂಪೊ ಹಾಯ್ದುಹೋಯಿತು. ಚಾಲಕನನ್ನು ಬೈಯಲಿಲ್ಲ, ಅವನಿಗೆ ಆ ದಾರಿ ತೋರಿಸಿದವರು ನೀವು. ಹರಿದ ಎಳೆ ಮಡಿಲಲ್ಲಿ ಹಾಕಿಕೊಂಡು ಅತ್ತೆ, "ತಪ್ಪು ನಂದವಾ, ಸುತ್ತಿ ಇಡ್ರಿ ಅಂದಾಕಿ ನಾನ" ಎಂದರು. ಅವತ್ತಿನಿಂದ ಮಗ್ಗಕ್ಕೆ ಕೂತಿಲ್ಲ. ನನಗೆ ಹೊಟ್ಟೆ ಉರಿಯುತ್ತಿರುವುದು ಸೀರೆಗಲ್ಲ, ಆ ಮಾತಿಗೆ.

ಬಿಸಿಲೇರುವವರೆಗೆ ಓಣಿಯನ್ನು ನಮಗೆ ಬಿಡಿ, ಟೆಂಪೊ ಹೊರಗಿನ ದೊಡ್ಡ ರಸ್ತೆ ಹಿಡಿಯಲಿ. ಇನ್ನೊಮ್ಮೆ ಅಳತೆಗೆ ಬನ್ನಿ, ಹೇಳದೆ ಬನ್ನಿ. ಕಾರು ಮೂಲೆಯಲ್ಲಿ ನಿಲ್ಲಿಸಿ, ಹಾಲಿನವನಂತೆ ಗೋಡೆಗೆ ಒತ್ತಿಕೊಂಡು ನಡೆದು ಬನ್ನಿ. ರೊಟ್ಟಿ ಅವತ್ತೂ ಇರುತ್ತದೆ. ಉಣ್ಣುವ ಮುಂಚೆ, ತಪ್ಪು ಯಾರದೆಂದು ರೇಣವ್ವನಿಗೆ ನಿಮ್ಮ ಬಾಯಿಂದಲೇ ಹೇಳಿ. ನಾವು ಹೇಳಿದರೆ ನಂಬುತ್ತಿಲ್ಲ, ಅವರು ಈಗಲೂ ನಿಮ್ಮನ್ನೇ ನಂಬುತ್ತಾರೆ.

ಇಂತಿ,
ನಿಮಗೆ ಇನ್ನೊಂದು ರೊಟ್ಟಿ ಒತ್ತಾಯ ಮಾಡಿ ಬಡಿಸಿದವಳು,
ದಾನಮ್ಮ