ಏಳನೆಯ ರೋಗಿಯ ಮುಖ

ಜನವರಿ 9, ಮಂಗಳವಾರ

ಇವತ್ತು ನಾಲ್ಕು ತುಣುಕು ಮುಗಿಯಿತು. ಕೊನೆಯದು ಹನ್ನೊಂದು ಸೆಕೆಂಡಿನ ವೀಡಿಯೊ, ತಿಂದದ್ದು ಎರಡೂವರೆ ಗಂಟೆ. ಮುಖ ಅಲ್ಲಾಡಿಸದೆ ಸಿನಿಮಾ ನೋಡು ಎಂದು ಕೂರಿಸಿದ ಒಬ್ಬ ಹುಡುಗಿ. ಸೆಕೆಂಡಿಗೆ ಇನ್ನೂರು ಚಿತ್ರ. 1212ನೆಯ ಚಿತ್ರದಲ್ಲಿ ತುಟಿಯ ಮೂಲೆ ಕೆಳಗೆ ಜಗ್ಗುತ್ತದೆ, 1240ರಲ್ಲಿ ಮಾಯ. ಕಂಪ್ಯೂಟರ್ 'ಭಾವ ಇಲ್ಲ' ಅಂದಿತ್ತು. ನಾನು 'ದುಃಖ' ಎಂದು ಗುರುತು ಹಾಕಿದೆ. ಹೀಗೆ ನಾವು ಹಾಕಿದ ಗುರುತುಗಳಿಂದಲೇ ಅದು ಮುಖ ಓದಲು ಕಲಿಯುವುದು. ಹನ್ನೆರಡು ವರ್ಷದಿಂದ ಇದೇ ಕೆಲಸ.

ಬೆಳಿಗ್ಗೆ ಮೈನಸ್ ಇಪ್ಪತ್ತಾರು ಡಿಗ್ರಿ ಚಳಿ. ಗಂಡ ಕಲೆರ್ವೊನಿಗೆ ಅಂಗಿ ತೊಡಿಸಿ, ಗಂಜಿ ತಿನ್ನಿಸಿ ಹೊರಡುವಷ್ಟರಲ್ಲಿ ಬಸ್ಸು ಹೋಗಿತ್ತು. ಮತ್ತೆ. ಪಾರ್ಕಿನ್ಸನ್ ಬಂದು ಆರು ವರ್ಷ. ನಡುಕವನ್ನಾದರೂ ಸಹಿಸಬಹುದು, ಈ ನಿಧಾನ…

ಜನವರಿ 17, ಬುಧವಾರ

ಸಾಯ್ಲಾ ಕರೆದಳು. ನನಗೆ ಮಗಳಾಗುವ ವಯಸ್ಸಿನ ಬಾಸ್, ಆದರೂ ಏನಾದರೂ ಕೇಳಬೇಕಿದ್ದರೆ ತಾನೇ ಕಾಫಿ ತರುತ್ತಾಳೆ. ಹೊಸ ಪ್ರಾಜೆಕ್ಟ್. ಪಾರ್ಕಿನ್ಸನ್ ಇರುವವರ ಮುಖ ಗಟ್ಟಿಯಾಗಿಬಿಡುತ್ತದೆ. ಇವರಿಗೆ ಸಿಟ್ಟು, ಇಲ್ಲವೇ ಏನೂ ಅನ್ನಿಸುವುದೇ ಇಲ್ಲ ಎಂದು ಮನೆಯವರು ತಿಳಿಯುತ್ತಾರೆ. ಅದರ ಅಡಿಯಲ್ಲಿ ಉಳಿದಿರುವ ಸಣ್ಣ ಚಲನೆ ಕಂಪ್ಯೂಟರಿಗೆ ಕಾಣುತ್ತದೆಯೇ ಎಂದು ನೋಡಬೇಕಂತೆ. ಹನ್ನೆರಡು ಮನೆ, ನಾಲ್ಕು ವಾರ. ಕಲೆರ್ವೊ ಒಪ್ಪಬಹುದೇ ಎಂದು ಕೇಳಿದಳು.

ಸಂಜೆ ಅವನನ್ನು ಕೇಳಿದೆ. ಶಾಲೆಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿದವನು. ಸ್ವರ ಈಗ ಪಿಸುಮಾತಿನಷ್ಟು, ಕಿವಿ ಹತ್ತಿರ ಒಯ್ಯಬೇಕು.

"ಮೂವತ್ತು ವರ್ಷ ಮರದ ಜೊತೆ ಇದ್ದೆ, ಈಗ ನಾನೇ ಮರ ಆದೆ. ನೋಡ್ಲಿ ಬಿಡು, ಒಳಗೆ ಹುಳ ಹಿಡಿದಿದ್ಯೋ ಏನೋ."

ನಕ್ಕೆ. ಅವನೂ ನಕ್ಕಿರಬೇಕು. ಸಹಿ ಹಾಕಿದ. ಅಕ್ಷರ ಇರುವೆಯಷ್ಟು.

ಜನವರಿ 30, ಮಂಗಳವಾರ

ಅಡುಗೆಮನೆಯ ಕಪಾಟಿನ ಮೇಲೊಂದು ಕ್ಯಾಮೆರಾ, ಮಲಗುವ ಕೋಣೆಯಲ್ಲೊಂದು. ಧ್ವನಿ ಹಿಡಿಯುವುದಿಲ್ಲ. ನಮ್ಮ ಮನೆಯ ವೀಡಿಯೊ ನಾನು ನೋಡಕೂಡದು, ಟಾಂಪೆರೆ ಕಚೇರಿಯಲ್ಲಿರುವ ಇನ್ನೊಬ್ಬರು ಗುರುತು ಹಾಕುತ್ತಾರೆ. ಸರಿ ಅಂದೆ. ಕಲೆರ್ವೊನಿಗೆ ಹೆಸರು ಹೋಯಿತು, ಇನ್ನು 'ರೋಗಿ 7'.

ಫೆಬ್ರವರಿ 8, ಗುರುವಾರ

ಕೆಟ್ಟ ಬೆಳಗು. ಗಂಜಿ ಎಲ್ಲ ಮಡಿಲಿಗೆ. ಒಗೆದ ಪ್ಯಾಂಟು ಅದೊಂದೇ ಇತ್ತು. ಏನೋ ಅಂದೆ — ಇಲ್ಲಿ ಬರೆಯುವುದಿಲ್ಲ. ಬಾಯಿ ಒರೆಸಿದೆ. ಒರೆಸಿದ ಮೇಲೆ ಕೆನ್ನೆ ಕೆಂಪಗಿತ್ತು. ಕ್ಯಾಮೆರಾ ನೆನಪಾಯಿತು. ಅದರ ಕಡೆ ಮುಖ ಮಾಡಿ ನಕ್ಕೆ.

ಅವನಂತೂ ಏನೂ ಆಗಿಲ್ಲವೆಂಬಂತೆ ಕೂತಿದ್ದ. ಏನೂ ತಟ್ಟುವುದಿಲ್ಲ ಅವನಿಗೆ. ಒಮ್ಮೊಮ್ಮೆ ಅದಕ್ಕೇ ಹೆಚ್ಚು ಸಿಟ್ಟು ಬರುವುದು.

ಮಾರ್ಚ್ 5, ಮಂಗಳವಾರ

ಮೀಟಿಂಗ್. ಸಾಯ್ಲಾ ಕುಣಿಯುವುದೊಂದು ಬಾಕಿ. ಕಣ್ಣಿಗೆ ಕಾಣದ್ದು ಕಂಪ್ಯೂಟರಿಗೆ ಕಂಡಿದೆ, ಟಾಂಪೆರೆಯವರೂ ಅದೇ ಗುರುತು ಹಾಕಿದ್ದಾರೆ. ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ರೋಗಿ 7ರಲ್ಲಿ. ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಿದಳು. ಬೆಳಿಗ್ಗೆ ಹತ್ತಕ್ಕೆ, ಕಿಟಕಿಯ ಹೊರಗೆ ಹಕ್ಕಿಗಳು ಕಾಳಿಗೆ ಬರುವ ಹೊತ್ತು, ಸಂತೋಷ. ಮಧ್ಯಾಹ್ನ ಎದುರುಮನೆಯ ಐಲಿ ಬಂದು ಊಟ ಕೊಡುವಾಗ ಎರಡು ಸಲ ಸಂತೋಷ. ಆಮೇಲೆ ಕೆಂಪು ಚುಕ್ಕಿಗಳ ಗುಂಪುಗಳು. ಭಯ. ಬೆಳಿಗ್ಗೆ ಆರೂವರೆಯಿಂದ ಏಳೂವರೆ. ಸಂಜೆ ಐದರ ಆಸುಪಾಸು, ನಾನು ಮನೆಗೆ ಮರಳುವ ಹೊತ್ತು.

ಸಾಯ್ಲಾ ಹೇಳುತ್ತ ಹೇಳುತ್ತ ನಿಂತಳು. ಅವಳಿಗೂ ಆಗಲೇ ಹೊಳೆದಿರಬೇಕು. ಪ್ರೊಜೆಕ್ಟರ್ ಆಫ್ ಮಾಡಿದಳು. ಕಾಫಿ ಕುಡಿದು ಮುಂದುವರಿಸೋಣ ಅಂದಳು. ಯಾರೂ ನನ್ನ ಕಡೆ ನೋಡಲಿಲ್ಲ.

ಮಾರ್ಚ್ 6, ಬುಧವಾರ

ತೆರೆದೆ. ನಿಯಮ ಗೊತ್ತು. ರೋಗಿ 7ರ ಫೋಲ್ಡರ್‌ನ ಪಾಸ್‌ವರ್ಡ್ ಕೂಡ ಗೊತ್ತು.

ಮಲಗುವ ಕೋಣೆ. ಅವನು ಮಂಚದ ಅಂಚಿನಲ್ಲಿ. ಎಡಗಡೆ ಬಾಗಿಲು ಸರಿಯುತ್ತದೆ, ನನ್ನ ನೀಲಿ ಸ್ವೆಟರಿನ ತೋಳು ಕಾಣುತ್ತದೆ. ಹುಬ್ಬುಗಳು ಮೇಲೇರಿ ಒಂದರ ಹತ್ತಿರ ಒಂದು ಬರುತ್ತವೆ. ತುಟಿ ಕಿವಿಗಳ ಕಡೆಗೆ ಎಳೆದುಕೊಳ್ಳುತ್ತದೆ. ಸೆಕೆಂಡಿನ ಐದನೆಯ ಒಂದು ಭಾಗ. ಆಮೇಲೆ ಮರ. ಮುಂದಿನ ದಿನ, ಮತ್ತೆ ತೋಳು, ಮತ್ತೆ ಹುಬ್ಬು. ಹತ್ತೊಂಬತ್ತು ತುಣುಕು ನೋಡಿದೆ. ಬೇರೆ ಯಾರ ಮುಖವಾಗಿದ್ದರೂ ಏನು ಗುರುತು ಹಾಕುತ್ತಿದ್ದೆ ಎಂದು ಕೇಳಿಕೊಂಡೆ. ಒಂದು ನಿಮಿಷವೂ ಯೋಚಿಸುತ್ತಿರಲಿಲ್ಲ.

ಆ ತೋಳನ್ನೂ ನೋಡಿದೆ. ಅವನ ಕೈ ಹಿಡಿದು ಅಂಗಿಯೊಳಗೆ ನೂಕುತ್ತದೆ. ಚೀಲಕ್ಕೆ ಆಲೂಗಡ್ಡೆ ತುಂಬಿದ ಹಾಗೆ. ಅದು ನನ್ನದೇ ತೋಳು.

ಮಾರ್ಚ್ 7

ಕೆಲಸಕ್ಕೆ ಹೋಗಲಿಲ್ಲ.

ಮಾರ್ಚ್ 17, ಭಾನುವಾರ

ಹತ್ತು ದಿನದಿಂದ ಐದಕ್ಕೇ ಏಳುತ್ತಿದ್ದೇನೆ. ಅವಸರವಿಲ್ಲ. ಒಳಗೆ ಹೋಗುವ ಮೊದಲು ಕರೆಯುತ್ತೇನೆ. ತೋಳು ಸಿಕ್ಕಿಕೊಂಡರೆ ಕಾಯುತ್ತೇನೆ. ಇವತ್ತು ಗಂಜಿಗೆ ಅವನಿಗಿಷ್ಟವಾದ ಕಾಡುಹಣ್ಣಿನ ಜಾಮ್ ಹಾಕಿ, ಸಣ್ಣ ಸಣ್ಣ ಚಮಚದಲ್ಲಿ ತಿನ್ನಿಸುತ್ತಿದ್ದೆ. ಮೂರನೆಯ ಚಮಚಕ್ಕೆ ಬಾಯಿ ತೆರೆಯಲಿಲ್ಲ. ಕಿವಿ ಹತ್ತಿರ ಒಯ್ದೆ.

"ಡಾಕ್ಟರು ಏನಂದ್ರು? ನನ್ನಿಂದ ಮುಚ್ಚಿಡ್ಬೇಡ ಮಾರಾಯ್ತಿ. ಸಾಯ್ತಾ ಇದೀನಾ?"

ಯಾಕೆ ಹಾಗೆ ಕೇಳುತ್ತೀ ಅಂದೆ.

"ಮತ್ತೆ ಇಷ್ಟು ಒಳ್ಳೆಯವಳಾಗಿದೀಯಲ್ಲ."

ಚಮಚ ಕೆಳಗಿಟ್ಟೆ. ಎಲ್ಲ ಹೇಳಿದೆ: ಕೆಂಪು ಗುಂಪುಗಳು, ಬಾಗಿಲು, ನೀಲಿ ತೋಳು. ಕಾದೆ. ಮೊದಲಾಗಿದ್ದರೆ ಕೇಳಿಸಿತೋ ಇಲ್ಲವೋ ಎಂದು ಭುಜ ಅಲ್ಲಾಡಿಸುತ್ತಿದ್ದೆ.

"ನಿಂಗೆ ಕಾಣಲ್ಲ ಅಂದ್ಕೊಂಡಿದ್ದೆ," ಅಂದ. "ಅದೊಂದೇ ಲಾಭ ಇತ್ತು ಈ ಮೋರೆಯಿಂದ."

"ನನ್ನ ಕಂಡ್ರೆ ಹೆದರಿಕೆನಾ?"

"ಬೆಳಿಗ್ಗೆ ಹೊತ್ತು, ಹೌದು. ಅಂಗಿ ಹಾಕುವಾಗ." ಉಸಿರು ತೆಗೆದುಕೊಂಡ. "ಭಾನುವಾರ ಇಲ್ಲ. ಭಾನುವಾರ ಬಸ್ಸಿಲ್ಲವಲ್ಲ ನಿಂಗೆ."

ಕ್ಷಮಿಸು ಅಂದೆ. ನಲವತ್ತು ವರ್ಷದಲ್ಲಿ ಎಷ್ಟು ಸಲ ಅಂದಿದ್ದೇನೋ. ಗಂಜಿ ತಣ್ಣಗಾಗಿತ್ತು, ಬಿಸಿ ಮಾಡಿ ತಂದೆ. ತಿಂದ.

ಏಪ್ರಿಲ್ 4, ಗುರುವಾರ

ಫೈಲ್ ತೆರೆದದ್ದನ್ನು ಸಾಯ್ಲಾಗೆ ನಾನೇ ಹೇಳಿದೆ. ಗೊತ್ತಿತ್ತಂತೆ, ಯಾರು ಯಾವಾಗ ತೆರೆದರು ಎಂದು ಅಲ್ಲಿ ದಾಖಲಾಗುತ್ತದೆ.

"ಇರ್ಮೆಲಿ, ನೀವೇ ಬಂದು ಹೇಳ್ತೀರಿ ಅಂತ ಕಾಯ್ತಿದ್ದೆ," ಅಂದಳು. ಅವಳ ಕಣ್ಣು ಕೆಂಪಾಗಿತ್ತು. ಈ ವಿಭಾಗದಲ್ಲಿ ಇನ್ನು ನಾನು ಗುರುತು ಹಾಕುವಂತಿಲ್ಲ. ಕ್ಯಾಮೆರಾಗಳ ಕೋಣೆಯಲ್ಲಿ ಕೆಲಸ ಕೊಡುತ್ತಾಳಂತೆ. ಬೇಡ ಅಂದೆ, ಜೂನ್‌ನಲ್ಲಿ ಹೇಗೂ ಬಿಡುವವಳಿದ್ದೆ. ರೋಗಿ 7ರ ವೀಡಿಯೊ ಅಳಿಸಿಬಿಡಬಹುದು, ಕಲೆರ್ವೊ ಅವರು ಒಂದು ಮಾತು ಹೇಳಿದರೆ ಸಾಕು ಅಂದಳು.

ಕೇಳಿದೆ. ಇರಲಿ ಅಂದ. "ಇಂಥ ಮೋರೆ ಇರೋ ಮನೇಲೆಲ್ಲ ನಿನ್ನಂಥ ಇನ್ನೊಬ್ಬಳು ಇರ್ತಾಳಲ್ಲ. ಅವಳು ನೋಡ್ಲಿ."

ಏಪ್ರಿಲ್ 23

ಬಚ್ಚಲಲ್ಲಿ ಬಿದ್ದ. ಸೊಂಟದ ಮೂಳೆ. ನಾನು ಮನೆಯಲ್ಲೇ ಇದ್ದೆ, ಬಾಗಿಲ ಹೊರಗೇ. ಕರೆಯಲಿಲ್ಲ ಅವನು. ಯಾಕೆ ಕರೆಯಲಿಲ್ಲ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೇ 20, ಸೋಮವಾರ

ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಆರೈಕೆ ಕೇಂದ್ರಕ್ಕೆ ಹೋಗುತ್ತೇನೆಂದು ತಾನೇ ಹೇಳಿದ, ನರ್ಸ್ ಎದುರಿಗೆ, ಎರಡೆರಡು ಸಲ, ಅವಳಿಗೆ ಕೇಳಿಸುವವರೆಗೆ. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡ. ಮಧ್ಯಾಹ್ನ ಬಾ ಅಂದ. ನೀನು ಮಧ್ಯಾಹ್ನ ಒಳ್ಳೆಯವಳು.

ದಿನಾ ಎರಡಕ್ಕೆ ಹೋಗುತ್ತೇನೆ. ಪೇಪರ್ ಓದಿ ಹೇಳುತ್ತೇನೆ. ಬೇಗ ಓದಿದರೆ ಕೈ ಒತ್ತುತ್ತಾನೆ.

ಜೂನ್ 14, ಶುಕ್ರವಾರ

ಕಲೆರ್ವೊ ನಿನ್ನೆ ಹೋದ. ಸಂಜೆ ನಾಲ್ಕೂ ಹತ್ತಕ್ಕೆ. ನ್ಯುಮೋನಿಯಾ. ಮೂರೇ ದಿನ.

ಐಲಿ ಸೂಪ್ ತಂದಿಟ್ಟು ಹೋದಳು. ಸಾಯ್ಲಾ ಫೋನ್ ಮಾಡಿದ್ದಳು. ಪಾದ್ರಿ ಮಂಗಳವಾರ ಬರುತ್ತಾರೆ. ಇದೊಂದು ಬರೆದು ಮುಗಿಸಬೇಕು, ಮಲಗುವ ಮೊದಲು ಅಲ್ಲ, ಈಗಲೇ.

ಎರಡು ದಿನದಿಂದ ಮಾತಿರಲಿಲ್ಲ, ಕಣ್ಣು ಮುಚ್ಚಿತ್ತು. ನಿನ್ನೆ ಮೂರರ ಹೊತ್ತಿಗೆ ನರ್ಸ್ ಹೆಲ್ಕಾ ಬಂದಳು. ನೋವಿನ ಔಷಧಿ ಹೆಚ್ಚಿಸಬೇಕೋ ಬೇಡವೋ ತಿಳಿಯುತ್ತಿಲ್ಲ ಅಂದಳು. "ಇವ್ರ ಮುಖದಲ್ಲಿ ನಮಗೇನೂ ಗೊತ್ತಾಗಲ್ಲ. ನಿಮಗೆ ಅದೇ ಕೆಲಸ ಆಗಿತ್ತಂತಲ್ಲ. ನೋವಿದ್ಯಾ ಅವ್ರಿಗೆ?"

ನೋಡುತ್ತ ಕೂತೆ. ಕುರ್ಚಿಯಿಂದ, ಅರ್ಧ ಗಂಟೆ. ಏನೂ ಅಲ್ಲಾಡಲಿಲ್ಲ. ಸರಿಯಾಗಿ ಕಾಣಲೆಂದು ಎದ್ದು ಅವನ ಮೇಲೆ ಬಾಗಿದೆ. ಆಗ ಹುಬ್ಬು ಒಮ್ಮೆ ಅಲ್ಲಾಡಿತು, ಬಹಳ ಸಣ್ಣಗೆ.

ನೋವು ಎಂದೆ. ಹೆಲ್ಕಾ ಸೂಜಿ ಚುಚ್ಚಿದಳು. ಉಸಿರು ನಿಧಾನವಾಯಿತು, ಆಮೇಲೆ ಇನ್ನೂ ನಿಧಾನ.

ನೋವೇ ಇರಬೇಕು. ಮೂರು ದಿನದ ಜ್ವರ, ಮುರಿದ ಸೊಂಟ. ಯಾರು ನೋಡಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ನಾನು ಕುರ್ಚಿಯಲ್ಲಿದ್ದಷ್ಟು ಹೊತ್ತು ಏನೂ ಇರಲಿಲ್ಲ. ಬಾಗಿದ ಮೇಲೆ, ನನ್ನ ಉಸಿರು ಅವನ ಮುಖಕ್ಕೆ ತಾಗಿದ ಮೇಲೆಯೇ ಅದು ಬಂದದ್ದು, ಅಂಗಿ ತೊಡಿಸಲು ಹೋದಾಗ ಬರುತ್ತಿದ್ದ ಹಾಗೆ.