ದಣಿವರಿಯದ ತಾಯಿಯ ಉಳಿದ ಐದು ನಿಮಿಷ

ಮನೆಯಿಂದ
ಹನ್ನೆರಡನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಜ್ವರ ಇಳಿಯಿತೇ? ಕೆಮ್ಮು ಹೇಗಿದೆ? ಕ್ಯಾಂಪಿನ ಕಾಂಪೌಂಡರ್ ಕೊಡುವ ಬಿಳಿ ಮಾತ್ರೆ ಜ್ವರಕ್ಕೂ ಅದೇ, ಹೊಟ್ಟೆನೋವಿಗೂ ಅದೇ ಎಂದು ತಮಾಷೆ ಮಾಡಿ ಬರೆದಿದ್ದೀಯ. ನನಗೆ ನಗು ಬರಲಿಲ್ಲ. ಅದರ ಕೆಳಗಿನ ಸಾಲು ಓದಿದ ಮೇಲಂತೂ ಇಲ್ಲವೇ ಇಲ್ಲ. “ಮೈ ಸುಡ್ತಿತ್ತು, ಆದ್ರೂ ಅಮ್ಮನ ವಿಡಿಯೋ ಇನ್ನೊಂದು ಸಲ ನೋಡಿ ಎದ್ದು ಕೆಲಸಕ್ಕೆ ಹೋದೆ” ಎಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ಅದನ್ನು ನಾನು ಪ್ರೆಸ್ಸಿನಲ್ಲಿ ಕರಪತ್ರ ಮಡಚುತ್ತಾ ನಿಂತಲ್ಲೇ ಓದಿದೆ. ಈ ಕಾಗದ ಸಿಕ್ಕ ದಿನವೇ ರಜೆ ಹಾಕಿ ಮಲಗು. ನೀವು ಕೊರೆಯುವ ಸುರಂಗ ಎಲ್ಲಿಗೂ ಓಡಿಹೋಗುವುದಿಲ್ಲ. ಆ ವಿಡಿಯೋ ನಂಬಬೇಡ. ಮಾಡಿದವಳೇ ಹೇಳುತ್ತಿದ್ದೇನೆ.

ನಾನು ಅದನ್ನು ಹೇಗೆ ಮಾಡಿದೆ ಎಂದು ನಿನಗೆ ಯಾವತ್ತೂ ಹೇಳಲಿಲ್ಲ. ಸಿಗ್ನಲ್ಲೇ ಸಿಗದ ನಿಮ್ಮ ಬೆಟ್ಟಕ್ಕೆ ಲಾರಿ ಡ್ರೈವರ್ ಅದನ್ನು ಫೋನಿನಲ್ಲಿ ತುಂಬಿಸಿಕೊಂಡು ಬಂದು ತೋರಿಸಿದ, ಇಡೀ ಕ್ಯಾಂಪು ಚಪ್ಪಾಳೆ ತಟ್ಟಿತು ಎಂದು ನೀನು ಬರೆದಾಗ ನಾನೂ ಉಬ್ಬಿಹೋಗಿದ್ದೆ. ನನ್ನ ‘ಕಿಡಿ’ ಚಾನೆಲ್ಲಿಗೆ ಆಗ ಇದ್ದದ್ದು ನಲವತ್ತೊಂದು ಜನ: ನೀನು, ನಾನು, ಪ್ರೆಸ್ಸಿನ ಯಜಮಾನರು, ಯಾರೋ ಹಾಸಿಗೆ ಮಾರುವವರು, ಇನ್ನುಳಿದವರು ದೇವರಿಗೇ ಗೊತ್ತು. ಕೂಲಿಯ ಬಗ್ಗೆ, ಕೆಲಸದ ಹೊತ್ತಿನ ಬಗ್ಗೆ ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಕ್ಯಾಮೆರಾ ಮುಂದೆ ಕೂಗಿ ಕೂಗಿ ಗಂಟಲು ಒಣಗಿತ್ತು, ನೋಡುವವರಿಲ್ಲ. ಹಾಗಾದರೆ ಜನ ಏನು ನೋಡುತ್ತಾರೆ ಎಂದು ಎರಡು ತಿಂಗಳು ಹುಡುಕಿದೆ. ಒಂದೇ ಕೈಯಲ್ಲಿ ಬಟ್ಟೆ ಹೊಲಿಯುವ ದರ್ಜಿ, ಎಪ್ಪತ್ತರಲ್ಲಿ ಓಟ ಕಲಿತ ಅಜ್ಜಿ, ಬೀದಿ ದೀಪದ ಕೆಳಗೆ ಓದುವ ಹುಡುಗಿ. ನೋಡಿದರೆ ನನಗೂ ಕಣ್ಣಲ್ಲಿ ನೀರು. ಎಲ್ಲದರ ಕಟ್ಟೂ ಒಂದೇ: ಮೊದಲ ಮೂರು ಸೆಕೆಂಡಿನಲ್ಲಿ ಕೈ ಕಾಣಬೇಕು, ಆಮೇಲೆ ಮುಖ, ಆಮೇಲೆ ಒಂದು ಮಾತು, ಆ ಮಾತು ಮುಗಿಯುತ್ತಲೇ ಸಂಗೀತ. ದೀಪ ಯಾಕೆ ಬೀದಿಯಲ್ಲಿ ಮಾತ್ರ ಇತ್ತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಈ ದಾರಿಯಲ್ಲಿ ಜನರನ್ನು ಒಳಗೆ ಕರೆದು, ಆಮೇಲೆ ನಮ್ಮ ವಿಚಾರ ಹೇಳೋಣ ಎಂದು ಲೆಕ್ಕ ಹಾಕಿದೆ. ನನಗೆ ಸಿಕ್ಕ ಕೈ ಅಮ್ಮನದು.

ಒಂದು ಭಾನುವಾರ ಅಮ್ಮ ಕಿಟಕಿಯ ಬೆಳಕಿನಲ್ಲಿ ಬಟ್ಟೆ ಮಡಚುತ್ತಾ ಕುಳಿತಿದ್ದಳು. ನಾನು ಫೋನನ್ನು ಡಬ್ಬಿಗೆ ಆನಿಸಿ, “ಅಮ್ಮಾ, ನಿನ್ನ ಕೆಲಸದ ಬಗ್ಗೆ ಏನಾದ್ರೂ ಹೇಳು” ಎಂದೆ. ಆರು ನಿಮಿಷ ಮಾತಾಡಿದಳು. ಐವತ್ತು ಸೆಕೆಂಡು ಇಟ್ಟುಕೊಂಡೆ. “ಹತ್ತೊಂಬತ್ತು ವರ್ಷ ಆಯ್ತು. ಒಂದು ದಿನ ರಜೆ ಹಾಕಿಲ್ಲ” ಎಂಬಲ್ಲಿಗೆ ಕತ್ತರಿಸಿ ಪಿಟೀಲು ಹಾಕಿದೆ. ‘ದಣಿವರಿಯದ ತಾಯಿ’ ಎಂದು ಹೆಸರಿಟ್ಟೆ. ಹಾಕಲೇ ಎಂದು ಅಮ್ಮನನ್ನು ಕೇಳಲಿಲ್ಲ. ಉಳಿದ ಐದು ನಿಮಿಷ ಅವಳೇನು ಹೇಳಿದಳು ಎಂದು ಆಗ ನನ್ನನ್ನು ಕೇಳಿದ್ದರೆ ನನಗೆ ಗೊತ್ತಿರಲಿಲ್ಲ, ಅಣ್ಣ. ನಾನು ಬೆಳಕು ನೋಡುತ್ತಿದ್ದೆ, ಬ್ಯಾಟರಿ ನೋಡುತ್ತಿದ್ದೆ. ಬೇಕಾದ ಮಾತು ಸಿಕ್ಕಿತು ಎಂದು ಗೊತ್ತಾದ ಮೇಲೆ ಕಿವಿಗೊಡಲೇ ಇಲ್ಲ. ದುಡಿಯುವವರ ದನಿ ಯಾರೂ ಕೇಳುವುದಿಲ್ಲ ಎಂದು ಊರಿಗೆಲ್ಲ ಬೈಯುವವಳು ನಾನು!

ನಾಲ್ಕು ಲಕ್ಷ ಜನ ನೋಡಿದರು. ನಾಲ್ಕು ಲಕ್ಷದಲ್ಲಿ ಒಬ್ಬ ಸೀಟಿ. ಅಮ್ಮನ ಲಾಂಡ್ರಿ ಕಾರ್ಖಾನೆಯ ಸೂಪರ್‌ವೈಸರ್‌ಗೆ ಹೆಂಗಸರು ಇಟ್ಟ ಹೆಸರು ಅದು, ನಿನಗೆ ನೆನಪಿರಬೇಕು. ಬಾಯಿ ತೆರೆದು ಕರೆಯುವ ಬದಲು ಸೀಟಿ ಊದುತ್ತಾನೆ. ಈಗ ಯಾರು ರಜೆ ಕೇಳಲು ಹೋದರೂ ಅವನು ಅರ್ಜಿ ಮುಟ್ಟುವುದಿಲ್ಲ. ಫೋನ್ ತೆಗೆದು ಅಮ್ಮನ ಐವತ್ತು ಸೆಕೆಂಡು ತೋರಿಸುತ್ತಾನೆ. ಹೋದ ತಿಂಗಳು ಗುಂಡಕ್ಕ ಮಗಳ ಹೆರಿಗೆಗೆಂದು ನಾಲ್ಕು ದಿನ ಕೇಳಿದಳು. ಆಸ್ಪತ್ರೆಗಳಿಂದ ಬರುವ ಚಾದರಗಳನ್ನು ಅಮ್ಮನ ಜೊತೆ ಇಸ್ತ್ರಿ ಯಂತ್ರಕ್ಕೆ ಹಾಕುವವಳು ಅವಳೇ. ಒಂಬತ್ತು ವರ್ಷದಿಂದ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ಸೀಟಿ ಅವಳಿಗೆ ವಿಡಿಯೋ ತೋರಿಸಿ, “ನಿನ್ನ ಜೋಡಿ ನೋಡಮ್ಮ, ಹೆತ್ತವಳೇ ತಾನೇ ಆಕೆನೂ? ನಿನ್ನ ಮಗಳು ಹೆರೋಕೆ ನೀನ್ಯಾಕೆ?” ಅಂದನಂತೆ. ಮಗು ಹುಟ್ಟಿ ಮೂರನೆಯ ದಿನ, ವಾರದ ಬಿಡುವಿನಲ್ಲಿ, ಅವಳು ಮೊಮ್ಮಗಳನ್ನು ನೋಡಿ ಬಂದಳು. ಅವತ್ತಿನಿಂದ ಅಮ್ಮನ ಹತ್ತಿರ ಮಾತಿಲ್ಲ.

ಮಾತಿಲ್ಲ ಅಂದರೆ ಬರೀ ಮುನಿಸಲ್ಲ. ಬಿಸಿ ರೋಲರು ಚಾದರದ ಅಂಚು ಹಿಡಿಯುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಕೈ ಬಿಡಬೇಕು. ಯಂತ್ರದ ಸದ್ದಿನಲ್ಲಿ “ಬಿಡು” ಎಂದು ಕೂಗುವುದು ಗುಂಡಕ್ಕನ ಕೆಲಸ, ಅವಳ ಗಂಟಲು ದೊಡ್ಡದು. ಈಗ ಅವಳು ಕೂಗುವುದಿಲ್ಲ. ತನ್ನ ಪಾಡಿಗೆ ತಾನು ಬಿಡುತ್ತಾಳೆ. ಅಮ್ಮ ಅವಳ ಮುಖ ನೋಡಿ ಅಂದಾಜಿನ ಮೇಲೆ ಬಿಡಬೇಕು, ಮುಖ ನೋಡಿದರೆ ರೋಲರು ನೋಡಲಾಗದು. ಹೋದ ಬುಧವಾರ ಬಲಗೈ ಮಣಿಕಟ್ಟು ಸುಟ್ಟಿತು, ಬಳೆಯಷ್ಟು ಅಗಲ. “ಏನಾಯ್ತಮ್ಮಾ?” ಅಂದರೆ “ಏನಿಲ್ಲ, ತಗುಲ್ತು” ಅಷ್ಟೇ. ಬೆರಳುಗಳೇ ಒಳಗೆ ಹೋಗುವ ದಿನ ದೂರವಿಲ್ಲ. ಊಟದ ಹೊತ್ತಿನಲ್ಲಿ ಅಮ್ಮ ಒಬ್ಬಳೇ ಕೂರುತ್ತಾಳಂತೆ. ಪಕ್ಕದ ಬೆಂಚಿನಿಂದ “ಮಹಾರಾಣಿಗೆ ಹಸಿವೂ ಆಗಲ್ಲ ಕಣ್ರೇ” ಎಂದು ನಗು. ಇದನ್ನೆಲ್ಲ ನನಗೆ ಹೇಳಿದ್ದು ಅಮ್ಮನಲ್ಲ, ನಮ್ಮ ಪ್ರೆಸ್ಸಿಗೆ ಕಾರ್ಖಾನೆಯ ಚೀಟಿ ಮುದ್ರಿಸಲು ಬರುವ ಗುಮಾಸ್ತ. ಅವನು ತಂದ ಹೊಸ ಕೆಲಸ ಏನು ಗೊತ್ತಾ? ಅಮ್ಮನ ಮುಖದ ಪೋಸ್ಟರು. ‘ಇವರಿಗೆ ಸಾಧ್ಯವಾದರೆ ನಿಮಗೇಕಿಲ್ಲ?’ ಇನ್ನೂರು ಪ್ರತಿ. ನಾನೇ ಎಣಿಸಿ ಕಟ್ಟು ಕಟ್ಟಿದೆ. ಮೇಜಿನ ಮೇಲೆ ಇನ್ನೂರು ಅಮ್ಮಂದಿರು ಒಬ್ಬರ ಮೇಲೊಬ್ಬರು ಮಲಗಿದ್ದರು.

ಇಪ್ಪತ್ತೆರಡನೇ ತಾರೀಖು, ಸೋಮವಾರ, ಕಾರ್ಖಾನೆಯ ಅಂಗಳದಲ್ಲಿ ಅಮ್ಮನಿಗೆ ಬಹುಮಾನ. ಮಾಲೀಕರೇ ಬರುತ್ತಾರಂತೆ. ವೇದಿಕೆ ಮೇಲೆ ಅದೇ ಮಾತನ್ನು ಅಮ್ಮ ತನ್ನ ಬಾಯಿಂದ ಇನ್ನೊಮ್ಮೆ ಹೇಳಬೇಕಂತೆ. ಅದಾದ ಮಾರನೆಯ ದಿನದಿಂದ ಹೊಸ ನಿಯಮ: ವರ್ಷಕ್ಕೆ ಹನ್ನೆರಡಿದ್ದ ರಜೆ ಆರಕ್ಕೆ ಇಳಿಯುತ್ತದೆ. ಆ ಚೀಟಿಯೂ ನಮ್ಮ ಪ್ರೆಸ್ಸಿನಲ್ಲೇ ಒಣಗುತ್ತಿದೆ. ಅಮ್ಮನ ಹೆಸರಿನಲ್ಲಿ ಇನ್ನೂರು ಹೆಂಗಸರ ಆರು ಆರು ದಿನ ಹೋಗುತ್ತದೆ. ಪ್ರೇರಣೆ ಅಂತೆ! ದಣಿದವರಿಗೆ ದಣಿಯಬೇಡಿ ಎನ್ನುವ ಕೋಲನ್ನು ಕೆತ್ತಿ ಸೀಟಿಯ ಕೈಗೆ ಕೊಟ್ಟವಳು ನಾನು.

ವಿಡಿಯೋ ಅಳಿಸಿದೆ. ಅದರಿಂದೇನು? ಸಾವಿರ ಫೋನುಗಳಲ್ಲಿದೆ, ನಿನ್ನ ಕ್ಯಾಂಪಿನಲ್ಲೂ ಇದೆ. ಹಾಗಾಗಿ ಕಳೆದ ಭಾನುವಾರ ಮೂಲದ ಆರು ನಿಮಿಷ ತೆಗೆದು, ಮೊದಲಿನಿಂದ ಕೊನೆಯವರೆಗೆ ಮೊದಲ ಬಾರಿಗೆ ಕೇಳಿದೆ. ನಾನು ಕತ್ತರಿಸಿದ ಜಾಗದಲ್ಲಿ ಅಮ್ಮ ಉಸಿರು ತೆಗೆದುಕೊಂಡು ಹೇಳಿದ್ದು ಹೀಗೆ: “ಅದೇನು ದೊಡ್ಡಸ್ತಿಕೆ ಅಲ್ಲ ಕಣೇ. ಹೆದರಿಕೆ. ಒಂದೇ ಒಂದು ಸಲ ಕೇಳ್ದೆ, ಆವತ್ತೇ ಬುದ್ಧಿ ಬಂತು.” ಅಲ್ಲಿಂದ ಮುಂದೆ ಆ ಒಂದು ಸಲದ ಕಥೆ. ಅದನ್ನು ಪೂರ್ತಿ ಹಾಕಿದರೆ ಸೀಟಿಯ ಬಾಯಿ ಮುಚ್ಚುತ್ತದೆ. ನೋಡಿದವರು ಯಾರೂ ಆ ಪೋಸ್ಟರಿನ ಕೆಳಗೆ ನಿಂತು ಚಪ್ಪಾಳೆ ತಟ್ಟಲಾರರು. ಅಮ್ಮನ ಕೆಲಸ ಹೋಗಬಹುದು, ಅದು ಅವಳಿಗೂ ಗೊತ್ತು. “ಹೋದ್ರೆ ಹೋಗ್ಲಿ, ಹತ್ತೊಂಬತ್ತು ವರ್ಷದ ರಜೆ ಒಟ್ಟಿಗೇ ಸಿಗುತ್ತೆ” ಅಂದಳು. ಬಹಳ ದಿನದ ಮೇಲೆ ನಗಿಸಿದಳು.

ಆದರೆ ಹಾಕಲು ಬಿಡುತ್ತಿಲ್ಲ. ಕೆಲಸದ ಭಯಕ್ಕಲ್ಲ. “ಅದ್ರಲ್ಲಿ ಅವನ ವಿಷಯ ಇದೆ” ಎನ್ನುತ್ತಾಳೆ. ಅವನು ಅಂದರೆ ನೀನು. ನಾನು ಆ ಭಾಗವನ್ನು ಬೇಕೆಂದೇ ತೆಗೆದೆ, ಅಣ್ಣನ ಮೇಲಿನ ಪ್ರೀತಿಗೆ ತೆಗೆದೆ ಎಂದು ಇಷ್ಟು ದಿನ ಅವಳು ತಿಳಿದುಕೊಂಡಿದ್ದಳು. “ನನ್ನ ಮಗಳು ಸೂಕ್ಷ್ಮದವಳು ಅಂದ್ಕೊಂಡಿದ್ದೆ” ಅಂದಳು. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಆ ಕಥೆ ಏನೆಂದು ಇಲ್ಲಿ ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. ಅಮ್ಮ ತಾನೇ ನಿನ್ನ ಮುಂದೆ ಹೇಳಬೇಕು ಎನ್ನುತ್ತಾಳೆ. ನೀನು ಕೆಳಗೆ ಬರುವುದು ಮುಂದಿನ ತಿಂಗಳು. ಅಷ್ಟರಲ್ಲಿ ಇಪ್ಪತ್ತೆರಡು ಕಳೆದಿರುತ್ತದೆ. ಏನು ಮಾಡಲಿ?

ಮನೆಯಲ್ಲಿ ಬೇರೆ ಎಲ್ಲ ನೆಟ್ಟಗಿದೆ. ನಲ್ಲಿ ನೀನು ಹೇಳಿದಂತೆ ತಂತಿ ಕಟ್ಟಿ ನಿಲ್ಲಿಸಿದ್ದೇನೆ. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಎಂದು ತಿಳಿ. ನಾನು ಎಂದಿನಂತೆ ನಿನ್ನ ಬೆನ್ನಿಗೊಂದು ಗುದ್ದಿದ್ದೇನೆ.

ನಿನ್ನ
ಬಾಯಿಬಡುಕಿ ತಂಗಿ

ವಿ.ಸೂ.: ಶನಿವಾರ ಬೆಳಗ್ಗೆ. ಕಾಗದ ಒಯ್ಯುವ ಲಾರಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ. ಅಮ್ಮನನ್ನು ಕೇಳಿದೆ, ಈ ಸಲ ಕೇಳಿಯೇ ಬರೆಯುತ್ತಿದ್ದೇನೆ. “ಬರಿ” ಅಂದು ಆ ಕಡೆ ತಿರುಗಿ ನಿಂತಿದ್ದಾಳೆ. ಅಣ್ಣಾ, ನಿನ್ನ ಎಡಗಿವಿ ಹೋದದ್ದು ಕಲ್ಲುಗುಂಡಿಯ ನೀರಿನಲ್ಲಿ ಈಜಿದ್ದಕ್ಕಲ್ಲ. ನಿನಗೆ ಒಂಬತ್ತು ವರ್ಷ. ಕೀವು ಸೋರುತ್ತಿತ್ತು. ಮೂರು ದಿನದೊಳಗೆ ಮತ್ತೆ ಕರೆದುಕೊಂಡು ಬಾ, ತಡ ಮಾಡಬೇಡ ಎಂದು ಡಾಕ್ಟರ್ ಹೇಳಿದ್ದರು. ಅಮ್ಮ ಅರ್ಧ ದಿನದ ರಜೆ ಕೇಳಿದಳು. “ಹೋಗು, ನಾಳೆ ನಿನ್ನ ಜಾಗದಲ್ಲಿ ಬೇರೆಯವಳು ಇರ್ತಾಳೆ” ಎಂದರು. ಹೋಗಲಿಲ್ಲ. ಆಗ ವಾರದ ಬಿಡುವೂ ಇರಲಿಲ್ಲ. ಹನ್ನೊಂದನೆಯ ದಿನ ಬಾಯ್ಲರ್ ಕೆಟ್ಟು ಕಾರ್ಖಾನೆ ಮುಚ್ಚಿದಾಗ ನಿನ್ನನ್ನು ಎತ್ತಿಕೊಂಡು ಓಡಿದಳು, ಹೊತ್ತು ಮೀರಿತ್ತು. ವಾಪಸು ಬರುವಾಗ ನೀನು “ನಾನು ಈಜಿದ್ದಕ್ಕೇನಮ್ಮಾ?” ಅಂತ ಕೇಳಿದೆಯಂತೆ. ಹೌದು ಅಂದುಬಿಟ್ಟಳು. ಹದಿನೈದು ವರ್ಷ ಆ ತಪ್ಪನ್ನು ನೀನು ಹೊತ್ತೆ, ನೀರಿಗೆ ಇಳಿಯಲಿಲ್ಲ. ಬುಧವಾರ ಲಾರಿ ಕೆಳಗೆ ಬರುತ್ತದೆ. ಹಾಕು ಅಥವಾ ಬೇಡ, ಒಂದೇ ಪದ ಬರೆದು ಕಳಿಸು. ಬೇಡ ಅಂದರೆ ಅಳಿಸುತ್ತೇನೆ, ಯಾಕೆ ಎಂದು ಕೇಳುವುದಿಲ್ಲ. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿದವಳು ಇಲ್ಲಿಯವರೆಗೆ ನಾನೊಬ್ಬಳೇ. ಎರಡನೆಯವನು ನೀನಾಗಬೇಕು, ನಾಲ್ಕು ಲಕ್ಷ ಜನರಲ್ಲ.