ಐದೇ ತಂತಿಯ ಗಿಟಾರು

ಬೆಳಂಬಾರ, ತಾ. ಅಂಕೋಲಾ
ರವಿವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಆಶಿಷಣ್ಣಾ,

ಹೇಗಿದ್ದೀಯಾ? ಬೇರೆಲ್ಲ ಆಮೇಲೆ, ಮೊದಲು ಅದನ್ನು ಹೇಳು. ಹೊಟ್ಟೆಗೆ ಸರಿಯಾಗಿ ಕೊಡುತ್ತಾರಾ? ನಿದ್ದೆ ಬರುತ್ತದಾ? ಇಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ನಿನ್ನ ಬೆನ್ನು ಹಿಡಿದುಕೊಳ್ಳುತ್ತಿತ್ತು. ಈಗ ಹಡಗು ಸೆರೆಯಾಗಿ ಇಂಜಿನ್ನೇ ನಿಂತು ಅರವತ್ತಮೂರು ದಿನವಾಯಿತು, ಬೆನ್ನಿಗಾದರೂ ಸ್ವಲ್ಪ ಆರಾಮ ಸಿಕ್ಕಿರಬೇಕು. ಆಯಿ ಕೇಳಲು ಹೇಳಿದ್ದು ಬೇರೆಯೇ ಇದೆ: ಸ್ನಾನಕ್ಕೆ ಸಿಹಿನೀರು ಸಿಗುತ್ತದಾ, ತಲೆಗೆ ಎಣ್ಣೆ ಹಚ್ಚುತ್ತೀಯಾ. ಬಂದೂಕು ಹಿಡಿದವರ ನಡುವೆ ಕೂತ ಮಗನ ತಲೆಗೆ ಎಣ್ಣೆ ಉಂಟಾ ಎಂದು ಕೇಳುವವಳು ಈ ಭೂಮಿಯ ಮೇಲೆ ನಮ್ಮ ಆಯಿ ಒಬ್ಬಳೇ ಇರಬೇಕು. ನಗಬೇಡ, ಉತ್ತರ ಬರೆ. ಅವಳು ನಿಜವಾಗಿಯೂ ಕಾಯುತ್ತಿದ್ದಾಳೆ.

ಹಡಗು ಕಂಪನಿಯ ಮುಂಬೈಯ ಏಜೆಂಟರು ಮೊನ್ನೆ ಫೋನ್ ಮಾಡಿದ್ದರು. ಬುಧವಾರ ನಿಮ್ಮಲ್ಲಿಗೆ ಪತ್ರಗಳ ಚೀಲ ಹೊರಡುತ್ತದಂತೆ, ನಾಳೆಯೇ ಕಾರವಾರದಿಂದ ಕೊರಿಯರ್ ಮಾಡಬೇಕಂತೆ. ಮನೆಯ ಸುದ್ದಿ ಮಾತ್ರ ಬರೆಯಿರಿ, ಅಳು ಬೇಡ, ಹಡಗಿನ ಮಾತು ಬೇಡ, ಮಾತುಕತೆ ಎಲ್ಲಿಗೆ ಬಂತು ಎಂಬ ಮಾತಂತೂ ಬೇಡವೇ ಬೇಡ ಎಂದರು. ಅಲ್ಲಿ ಭಾಷೆ ಬಲ್ಲವನೊಬ್ಬ ಮೊದಲು ಓದಿ, ಆಮೇಲೆ ನಿನಗೆ ಕೊಡುತ್ತಾನಂತೆ. ಹಾಗಾಗಿ ಈ ಸಾಲು ಓದುತ್ತಿರುವ ಮೂರನೆಯವರೇ, ನಿಮಗೂ ನಮಸ್ಕಾರ. ಇದರಲ್ಲಿ ಗುಟ್ಟೇನೂ ಇಲ್ಲ. ನಾನು ಅಂಕೋಲೆಯಲ್ಲಿ ಸ್ಪೀಕರ್ ರಿಪೇರಿ ಮಾಡುವವಳು, ನನ್ನ ಅಣ್ಣನ ಜೊತೆ ಹದಿಮೂರು ವರ್ಷದಿಂದ ರಾಕ್ ಸಂಗೀತದ ಬಗ್ಗೆ ಜಗಳಾಡುತ್ತಿದ್ದೇನೆ, ಆ ಜಗಳವನ್ನೇ ಮುಂದುವರಿಸುತ್ತೇನೆ. ದಯವಿಟ್ಟು ಒಂದೂ ಸಾಲು ಹೊಡೆದುಹಾಕದೆ ಅವನಿಗೆ ಕೊಡಿ.

ಅಣ್ಣಾ, ಸೆಪ್ಟೆಂಬರ್ ಮೊದಲ ವಾರ ಹಡಗು ಯುರೋಪಿನ ಆ ಬಂದರಿನಲ್ಲಿ ನಿಂತಾಗ ನೀನು ಪೇಪರ್ ಅಡ್ಮಿರಲ್ಸ್ ಬ್ಯಾಂಡಿನ ಮ್ಯೂಸಿಯಂಗೆ ಹೋಗಿ ನಲವತ್ತೊಂದು ಫೋಟೊ ಕಳಿಸಿದ್ದೆಯಲ್ಲ, ಅವನ್ನೇ ದಿನಾ ನೋಡುತ್ತಿದ್ದೇನೆ. ನಿನ್ನಿಂದ ಬಂದ ಕೊನೆಯ ಫೋಟೊ ಅವು. ಕೊನೆಯ ಎಂದು ಬರೆಯಬಾರದಿತ್ತು, ಈಚಿನ ಫೋಟೊ. ಮಳೆಯಲ್ಲಿ ಎರಡು ತಾಸು ಸಾಲಿನಲ್ಲಿ ನಿಂತು ಒಳಗೆ ಹೋದೆ, ಮೈಯೆಲ್ಲ ಜುಮ್ ಅಂತು ಎಂದು ಬರೆದಿದ್ದೆ. ಅಲ್ಲಿ ಏನಿತ್ತು ಮಾರಾಯ? ಗಾಜಿನ ಪೆಟ್ಟಿಗೆಯಲ್ಲಿ ಒಂದು ಜೊತೆ ಕಾಲುಚೀಲ. ಅದರ ಮೇಲೆ ದೀಪ, ಕೆಳಗೆ ಹಿತ್ತಾಳೆಯ ಫಲಕ. ಇನ್ನೊಂದರಲ್ಲಿ ಡ್ರಮ್ಮರ್ ಕುಡಿದಿಟ್ಟ ಚಹಾದ ಕಪ್ಪು, ತಳದಲ್ಲಿ ಕಲೆ ಹಾಗೇ ಇದೆ. ನಮ್ಮ ಆಯಿಗೆ ತೋರಿಸಿದರೆ ಎರಡು ನಿಮಿಷದಲ್ಲಿ ತೊಳೆದು ಕವುಚಿಡುತ್ತಿದ್ದಳು. ಮೂರು ಕೋಣೆಗಳಲ್ಲಿ ಹದಿನೇಳು ಗಿಟಾರು, ಎಲ್ಲದಕ್ಕೂ ಗಾಜು, ಎಲ್ಲದರ ಮುಂದೆ ಮುಟ್ಟಬೇಡಿ ಎಂಬ ಹಲಗೆ. ಮುಟ್ಟದಿದ್ದರೆ ಅದು ಗಿಟಾರು ಹೇಗಾಗುತ್ತದೆ? ನಮ್ಮ ಅಂಗಡಿಗೆ ಬರುವ ಹರಿದ ಸ್ಪೀಕರ್ ಕೂಡ ಬೆರಳು ತಾಗಿಸಿದರೆ ಗೊರ್ ಅನ್ನುತ್ತದೆ. ಆ ಫೋಟೊಗಳಲ್ಲಿ ನಿನ್ನ ಮುಖ ಎಲ್ಲೂ ಸರಿಯಾಗಿ ಬಿದ್ದಿಲ್ಲ. ಒಂದೇ ಒಂದರಲ್ಲಿ ಕಾಲುಚೀಲದ ಗಾಜಿನ ಮೇಲೆ, ಕೈಯಲ್ಲಿ ಫೋನ್ ಹಿಡಿದ ನಿನ್ನ ನೆರಳು ಕಾಣುತ್ತದೆ. ನಾನು ಅದನ್ನೇ ದೊಡ್ಡದು ಮಾಡಿ ನೋಡುತ್ತೇನೆ.

ನಿನಗೆ ನೆನಪುಂಟಾ, ಕಾರವಾರದ ದಂಡೆಯ ಮೇಲೆ ಯುದ್ಧನೌಕೆಯನ್ನು ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದಾಗ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದ. ನಾನು ಐದನೇ ಇಯತ್ತೆಯೋ ಆರನೇ ಇಯತ್ತೆಯೋ. ಅಷ್ಟು ದೂರ ಬಸ್ಸಿನಲ್ಲಿ ಬಂದವನು ಬಾಗಿಲವರೆಗೆ ಬಿಟ್ಟು ತಾನು ಹೊರಗೇ ಉಳಿದ. "ನೀರ್ ಬಿಟ್ಟ ದೋಣಿ ಒಳ್ಗೆ ಕಾಲಿಡೂಕೆ ನಂಗೆ ಮನ್ಸಿಲ್ಲ. ನೀವ್ ಹೋಗಿ ಬನ್ನಿ, ನಾ ಇಲ್ಲೇ ಕುಂತಿರ್ತೆ" ಅಂದ. ನಾವು ಒಳಗೆಲ್ಲ ಓಡಾಡಿ ಬಂದಾಗ ಅವನು ಹಡಗಿಗೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ಶೇಂಗಾ ತಿನ್ನುತ್ತಿದ್ದ. ಆವತ್ತು ನಾವು ದಾರಿಯುದ್ದಕ್ಕೂ ಅವನನ್ನು ಗೇಲಿ ಮಾಡಿದೆವು. ಈಗ ನನಗೂ ಅವನ ಹಾಗೇ ಆಗುತ್ತಿದೆ.

ಯಾಕೆ ಹೇಳುತ್ತೇನೆ ಕೇಳು. ಕಳೆದ ವಾರ ನಮ್ಮ ಅಂಗಡಿಯ ಮಾಲೀಕ ಮಂಜುನಾಥಣ್ಣ ಒಂದು ಗಾಜಿನ ಶೋಕೇಸ್ ಹೊರಿಸಿಕೊಂಡು ಮನೆಗೆ ಬಂದ. ಯಾವುದೋ ಮೊಬೈಲ್ ಅಂಗಡಿಯವರು ಬೇಡವೆಂದು ಬಿಟ್ಟದ್ದಂತೆ. ನಿನ್ನ ಗಿಟಾರು ಗೋಡೆಯ ಮೇಲೆ ಹಾಳಾಗುತ್ತಿದೆ, ಇದರಲ್ಲಿ ಇಡಿ, ಟಿವಿಯವರು ಬಂದರೂ ಚೆಂದ ಕಾಣುತ್ತದೆ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಆಯಿ ಒಳಗೆ ಒರೆಸಿ, ಕೆಂಪು ಬಟ್ಟೆಯನ್ನೂ ಹಾಸಿಬಿಟ್ಟಳು. ಗಿಟಾರನ್ನು ಗೋಡೆಯಿಂದ ತೆಗೆಯಲು ಕೈ ಎತ್ತಿದಳು ನೋಡು, ನಾನು ಅಡ್ಡ ಬಂದು ನಿಂತೆ. ಬೇಡ ಅಂದರೆ ಬೇಡ ಎಂದು ಕಿರುಚಿದೆ. ಆಯಿಗೆ ಏನೂ ಅರ್ಥವಾಗಲಿಲ್ಲ. "ಉಪ್ಪು ಗಾಳಿಗೆ ತುಕ್ಕ್ ಹಿಡೂದಿಲ್ವೇ ಹೆಣ್ಣೆ? ಅವ ಬಂದ್ ನಂಗೇ ಬಯ್ತ" ಅಂದಳು. ನಿನ್ನ ಮ್ಯೂಸಿಯಂನ ಹದಿನೇಳು ಗಿಟಾರು ಬಾರಿಸಿದವರಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದು ನಾನು ಅವಳಿಗೆ ಹೇಗೆ ಹೇಳಲಿ? ಕೊನೆಗೆ ಆ ಶೋಕೇಸಿನಲ್ಲಿ ಒಣಮೀನಿನ ಡಬ್ಬಿ, ಅಪ್ಪೆಮಿಡಿಯ ಭರಣಿ ಇಟ್ಟಿದ್ದೇವೆ. ಗಿಟಾರು ಗೋಡೆಯ ಮೇಲೇ ಇದೆ, ತುಕ್ಕು ಹಿಡಿಯುತ್ತಲೇ ಇದೆ. ನೀನು ಬಂದು ನನಗೇ ಬಯ್ಯಿ.

ಈಗ ಪೇಪರ್ ಅಡ್ಮಿರಲ್ಸ್ ವಿಷಯ. ಗೋಕರ್ಣದ ಯಾವುದೋ ಹೋಟೆಲಿನಿಂದ ರಿಪೇರಿಗೆ ಬಂದ ಆಂಪ್ಲಿಫೈಯರ್ ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿಯೇ ಬಿಟ್ಟಿದ್ದರಲ್ಲ, ಮೂವತ್ತೆಂಟು ಹಾಡಿನದ್ದು, ಆವತ್ತಿನಿಂದ ನಮ್ಮ ಮನೆಗೆ ಈ ಶನಿ ಹತ್ತಿತು. ಮೊದಲ ಆಲ್ಬಂ ಚೆನ್ನಾಗಿದೆ ಎಂದು ನಾನೂ ಒಪ್ಪಿದ್ದೇನೆ. ಯಾರದೋ ಗ್ಯಾರೇಜಿನಲ್ಲಿ ಕೂತು ಬಾರಿಸಿದ್ದು, ಹಿಂದೆ ನಾಯಿ ಬೊಗಳುವುದೂ ಕೇಳಿಸುತ್ತದೆ. ಮೂರನೆಯ ಆಲ್ಬಂ ಬರುವ ಹೊತ್ತಿಗೆ ಪ್ರಪಂಚವೆಲ್ಲ ಅವರನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿತ್ತು, ನೀನೂ ಕುಣಿದೆ. ಆ ಏಳು ನಿಮಿಷದ ಡ್ರಮ್ ಸೋಲೊ ಬಂದಾಗಲೆಲ್ಲ ಕಣ್ಣು ಮುಚ್ಚಿ ಕೈ ಜೋಡಿಸುತ್ತಿದ್ದೆ. ಏಳು ನಿಮಿಷ ಡಬ್ಬಿ ಬಡಿದರೆ ದೇವರು ಬರುತ್ತಾನಾ? ಆಯಿ ಮೂವತ್ತು ವರ್ಷದಿಂದ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಾಳೆ, ಒಂದು ದಿನವೂ ಅಗ್ಗದ ಬಂಗಡೆಯನ್ನು ದುಬಾರಿ ಇಸವಣ ಎಂದು ಕೂಗಿಲ್ಲ. ಇವರು ಕೂಗಿದರು, ಜಗತ್ತು ನಂಬಿತು, ಮ್ಯೂಸಿಯಂ ಕಟ್ಟಿತು. ಹೀಗೆ ನಾನು ಹೇಳಿದಾಗಲೆಲ್ಲ ನೀನು ತಟ್ಟೆ ಸರಿಸಿ ಏಳುತ್ತಿದ್ದೆ. "ನಿಂಗೆ ಕೆಮಿ ಇಲ್ಲ, ಬರೇ ಕೆಮಿ ಓಲೆ ಉಂಟು" ಎಂದು ನನ್ನ ಕಿವಿಯ ಕಡೆ ಬೆರಳು ತೋರಿಸುತ್ತಿದ್ದೆ. ಒಂದು ಗಣಪತಿ ಹಬ್ಬದಲ್ಲಿ ಮೂರು ದಿನ ಮಾತೇ ಬಿಟ್ಟಿದ್ದೆವು, ಆರತಿಗೆ ಅಪ್ಪ ನಮ್ಮಿಬ್ಬರ ನಡುವೆ ನಿಲ್ಲಬೇಕಾಯಿತು.

ಅಂಥವನು ಈಗ ಏನು ಬರೆದೆ? ನವೆಂಬರ್ ಆರಕ್ಕೆ ನಿನ್ನ ಪತ್ರ ಬಂತು. ಹನ್ನೊಂದು ಸಾಲು. ಅಕ್ಷರ ನಿನ್ನದೇ, ಆಯಿ ಬೆರಳಿಟ್ಟು ಬೆರಳಿಟ್ಟು ನೋಡಿದಳು. ಆರೋಗ್ಯ ಇದೆ, ಊಟ ಸಿಗುತ್ತದೆ, ಚಿಂತೆ ಮಾಡಬೇಡಿ. ಹತ್ತನೆಯ ಸಾಲು: ಪ್ರಗತಿಗೆ ಹೇಳಿ, ಆ ಬ್ಯಾಂಡಿನ ವಿಷಯದಲ್ಲಿ ಅವಳು ಹೇಳಿದ್ದೇ ಸರಿ. ನಾನು ಗಟ್ಟಿಯಾಗಿ ಓದುತ್ತಿದ್ದವಳು ಅಲ್ಲಿಗೆ ನಿಲ್ಲಿಸಿದೆ. ಆಯಿಗೆ ಖುಷಿಯೋ ಖುಷಿ. "ಕಡೀಗೂ ಅಣ್ಣ ತಂಗಿ ಒಂದಾದ್ರಿ ಅಲ್ದಾ" ಎಂದು ಕಣ್ಣು ಒರೆಸಿಕೊಂಡಳು. ಹದಿಮೂರು ವರ್ಷ ಈ ಮಾತು ಕೇಳಲು ಕಾದಿದ್ದೆ ಅಣ್ಣಾ. ಕೇಳಿದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೂತೆ, ಅಳು ಹೊರಗೆ ಕೇಳಬಾರದೆಂದು. ನನಗೆ ಇಷ್ಟು ಹೆದರಿಕೆ ಹಡಗು ಹಿಡಿದರು ಎಂದು ಫೋನ್ ಬಂದ ದಿನವೂ ಆಗಿರಲಿಲ್ಲ.

ನಮ್ಮ ಮನೆಯ ರೀತಿ ನಿನಗೆ ಗೊತ್ತೇ ಇದೆ. ಅಪ್ಪ ದೋಣಿ ಇಳಿಸುವ ಮುಂಚೆ ಮನೆಯಲ್ಲಿ ಏನಾದರೊಂದನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದ. ಬಲೆಯಾದರೆ ಅರ್ಧ ಹೆಣೆದದ್ದು, ಚಹಾವಾದರೆ ಅರ್ಧ ಕುಡಿದದ್ದು, ಏನೂ ಇಲ್ಲದಿದ್ದರೆ ಆಯಿಯ ಜೊತೆ ಬೇಕೆಂದೇ ಒಂದು ಜಗಳ ತೆಗೆದು ಅದನ್ನೂ ಅರ್ಧಕ್ಕೇ ಬಿಡುತ್ತಿದ್ದ. ಮುಗಿಸಲು ಕೆಲಸ ಇದ್ದವನನ್ನು ಸಮುದ್ರ ವಾಪಸು ಕಳಿಸಲೇಬೇಕು ಎಂಬುದು ಅವನ ಲೆಕ್ಕ. ರಾಮಾ ಚಿಕ್ಕಪ್ಪ ಆ ಆಗಸ್ಟಿನಲ್ಲಿ ಮಾಡಿನ ಹಂಚು ಪೂರ್ತಿ ಹೊದೆಸಿ, ಅಂಗಳ ಕೂಡ ಗುಡಿಸಿ ಸಮುದ್ರಕ್ಕೆ ಹೋಗಿದ್ದ. ಹಂಚು ಇವತ್ತಿಗೂ ಸೋರುವುದಿಲ್ಲ, ಅವನು ಮಾತ್ರ ಬರಲಿಲ್ಲ. ಅಪ್ಪ ತನ್ನ ಹಾಸಿಗೆಯಲ್ಲೇ ಸತ್ತ, ಅವನ ಕೊನೆಯ ಅರ್ಧ ಬಲೆ ಇನ್ನೂ ಗೂಟದಲ್ಲಿದೆ. ನಾನು ಡಿಪ್ಲೊಮಾ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನೀನು ಹೋದಾಗ ಎರಡು ಬಿಟ್ಟು ಹೋಗಿದ್ದೆ. ಹೊರಡುವ ಹಿಂದಿನ ದಿನ ಬಾರಿಸುವಾಗ ಗಿಟಾರಿನ ಸಣ್ಣ ತಂತಿ ಹರಿಯಿತು, "ಇರ್ಲಿ, ಬಂದ್ಮೇಲೆ ಹಾಕ್ತೆ" ಅಂದೆ. ಇನ್ನೊಂದು ನಮ್ಮ ಜಗಳ. ಬಸ್ಸಿನ ಕಿಟಕಿಯಿಂದಲೂ ಡ್ರಮ್ ಸೋಲೊ ಬಗ್ಗೆ ಏನೋ ಕೂಗುತ್ತಿದ್ದೆ, ಬಸ್ಸು ಹೊರಟು ಅರ್ಧ ಮಾತ್ರ ಕೇಳಿಸಿತು.

ಆ ಜಗಳವನ್ನು ನೀನು ಅಲ್ಲಿ ಕೂತು ಯಾಕೆ ಮುಗಿಸಿದೆ? ಮೂರನೆಯವರು ಹೇಳಿ ಬರೆಸಿದರಾ? ಅವರಿಗೆ ಬ್ಯಾಂಡಿನ ಸುದ್ದಿ ಹೇಗೆ ಗೊತ್ತಾಗಬೇಕು. ಇಲ್ಲ, ಬರೆದವನು ನೀನೇ. ಮರೆತು ಬರೆದೆಯೋ, ಸುಸ್ತಾಗಿ ಬರೆದೆಯೋ, ಅಥವಾ ಇನ್ನು ಬರುವುದಿಲ್ಲ ಎಂದು ಒಳಗೇ ತೀರ್ಮಾನ ಮಾಡಿಕೊಂಡು ಒಂದೊಂದೇ ಕಟ್ಟಿಡುತ್ತಿದ್ದೀಯೋ? ಹಾಗೆ ಮಾಡಬೇಡ. ಇಲ್ಲಿ ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಆಯಿ ಒಳಗೆ ಹೋಗಿ ಮಿಕ್ಸರ್ ಹಾಕುತ್ತಾಳೆ, ಕೇಳಿಸಬಾರದೆಂದು. ನಾನು ಹಸಿರು ಗುಂಡಿ ಒತ್ತುವ ಮೊದಲು ನಿನ್ನ ಹೆಸರು ಮೂರು ಸಲ ಅನ್ನುತ್ತೇನೆ. ಅಳು ಬರೆಯಬೇಡಿ ಎಂದಿದ್ದರು ಏಜೆಂಟರು, ನನ್ನಿಂದ ಆಗಲಿಲ್ಲ.

ಉಳಿದದ್ದು ಎಲ್ಲ ಆರಾಮ. ತುಳಸಿ ಲಗ್ನ ಆಯಿತು, ಕಬ್ಬು ಕಟ್ಟಲು ನೀನಿಲ್ಲವೆಂದು ನಾನೇ ಕಟ್ಟಿದೆ, ಮಂಟಪ ಒಂದು ಬದಿಗೆ ವಾಲಿತು. ಪಕ್ಕದ ಮನೆಯ ಸುಗಂಧಕ್ಕ ದಿನಾ ಸಂಜೆ ಬಂದು ಆಯಿಯ ಹತ್ತಿರ ಕೂರುತ್ತಾಳೆ, ನಿನ್ನನ್ನು ಕೇಳಿದಳು ಎಂದು ತಿಳಿಸಲು ಹೇಳಿದ್ದಾಳೆ. ಮಂಜುನಾಥಣ್ಣನ ನಮಸ್ಕಾರ. ಆಯಿಯ ಆಶೀರ್ವಾದ ಈ ಹಾಳೆಯ ಮೇಲೇ ಇದೆ, ಅವಳು ಅರಿಶಿನದ ಬೆರಳು ಒತ್ತಿದ ಕಲೆ ಕೆಳಗೆ ಕಾಣುತ್ತದೆ. ನೀನಿರುವ ಕಡೆ ಗಾಳಿ ತಣ್ಣಗಿರಲಿ.

ನಿನ್ನ, ಕೆಮಿ ಇಲ್ಲದ ತಂಗಿ,
ಪ್ರಗತಿ

ತಾ.ಕ.: ಕೊರಿಯರಿಗೆ ಹೊರಟಿದ್ದೇನೆ, ಸೋಮವಾರ, ಬಸ್ಸು ಬರುವುದರೊಳಗೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನ ಪತ್ರ ಬರುವ ಹಿಂದಿನ ದಿನ, ನವೆಂಬರ್ ಐದಕ್ಕೆ, ನಿನ್ನ ನೆನಪು ತಡೆಯಲಾರದೆ ಕಾರವಾರದಿಂದ ಆ ಸಣ್ಣ ತಂತಿ ತಂದು ಗಿಟಾರಿಗೆ ನಾನೇ ಹಾಕಿಬಿಟ್ಟಿದ್ದೆ. ಬಂದಾಗ ಆರೂ ತಂತಿ ನೋಡಿ ಖುಷಿಪಡಲಿ ಎಂದುಕೊಂಡಿದ್ದೆ, ಅಷ್ಟೇ. ಮಾರನೆಯ ದಿನವೇ ನಿನ್ನ ಆ ಹತ್ತನೆಯ ಸಾಲು ಬಂತು. ಆಯಿಗೆ ಗೊತ್ತಿಲ್ಲ, ಗಿಟಾರಿಗೆ ಎಷ್ಟು ತಂತಿ ಎಂದು ಅವಳಿಗೆ ತಿಳಿಯದು. ಈವತ್ತು ಬೆಳಿಗ್ಗೆ ಅದನ್ನು ಬಿಚ್ಚಿದೆ. ಈ ಲಕೋಟೆಯಲ್ಲಿ ಹಾಕಲು ಹೋದೆ, ತಂತಿ ಕಂಡರೆ ಅಲ್ಲಿಯವರು ನಿನಗೇನು ಮಾಡುತ್ತಾರೋ ಎಂದು ಹೆದರಿ ತೆಗೆದೆ. ಅಪ್ಪನ ಅರ್ಧ ಬಲೆಯ ಗೂಟಕ್ಕೇ ಸುತ್ತಿಟ್ಟಿದ್ದೇನೆ, ನೀನೇ ಬಂದು ಹಾಕು. ಗಿಟಾರಿಗೆ ಈಗ ಐದೇ ತಂತಿ. ಇನ್ನೊಂದು ನಮ್ಮ ಜಗಳ, ಅದನ್ನು ನೀನು ಮತ್ತೆ ಶುರು ಮಾಡಬೇಕು. ಮೂರನೆಯ ಆಲ್ಬಂ ಬರೇ ಗದ್ದಲ, ಆ ಡ್ರಮ್ಮರಿಗಿಂತ ನಮ್ಮ ಆಯಿಯ ಮಿಕ್ಸರಿಗೆ ತಾಳ ಚೆನ್ನಾಗಿ ಗೊತ್ತು, ಅಂಥವರ ಕಾಲುಚೀಲಕ್ಕೆ ಮಳೆಯಲ್ಲಿ ನಿಂತ ನೀನು ಶುದ್ಧ ದಡ್ಡ. ಬಯ್ದು ಉತ್ತರ ಬರೆ ಅಣ್ಣಾ. ಒಪ್ಪಬೇಡ.